ಯಾವ ಎಂಜಿನ್ನಿಗೆ ಯಾವ ಎಣ್ಣೆ?

ವಾಹನಗಳ ಬಗ್ಗೆ ದೂರದರ್ಶನದಲ್ಲಿ ಮಾತುಕತೆ ನಡೆದಾಗಲೆಲ್ಲ ವೀಕ್ಷಕರಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ: "ಯಾವ ಕಂಪನಿಯ ಎಂಜಿನ್ ಆಯಿಲ್ ಒಳ್ಳೆಯದು ಸಾರ್?" ತಜ್ಞರು ಒಂದು ಹೆಸರು ಹೇಳಿಬಿಡಲಿ ಎಂದು ಕೇಳುವವರ ನಿರೀಕ್ಷೆ. ಆದರೆ ವಿಜ್ಞಾನದ ಕಡೆಯಿಂದ ನೋಡಿದರೆ ಈ ಪ್ರಶ್ನೆಯನ್ನೇ ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಎಲ್ಲ ಎಂಜಿನ್ನುಗಳಿಗೂ ಒಳ್ಳೆಯದಾದ ಎಣ್ಣೆ ಎಂಬುದು ಜಗತ್ತಿನಲ್ಲಿ ಇಲ್ಲ. ಕಾರಿಗೆ ಅಮೃತವಾದದ್ದು ಮೋಟರ್ ಸೈಕಲ್ಲಿನ ಕ್ಲಚ್ಚಿಗೆ ವಿಷವಾಗಬಹುದು. ಹಳೆಯ ಡೀಸೆಲ್ ಎಂಜಿನ್ನಿಗೆ ಸರಿಹೋದದ್ದು ಹೊಸ ಡೀಸೆಲ್ ಎಂಜಿನ್ನಿನ ಹೊಗೆ ಸೋಸುಕವನ್ನು ಕಟ್ಟಿಸಬಹುದು. ಯಾವ ಎಂಜಿನ್ನಿಗೆ ಯಾವ ಎಣ್ಣೆ ಎಂಬುದೇ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ, ಓದಲು ಬರಬೇಕು ಅಷ್ಟೆ.

ಇದು ಬರಿಯ ಪರೀಕ್ಷೆಯ ವಿಷಯವಲ್ಲ. ಎಂಜಿನ್ ಸೀಜ್ ಆದರೆ ಅದನ್ನು ಬಿಚ್ಚಿ ಬೋರ್ ಮಾಡಿಸಿ ಕೂಡಿಸುವ ಹೊತ್ತಿಗೆ ಆಟೋ ಓಡಿಸುವವರ, ಬೈಕಿನಲ್ಲಿ ಮನೆಮನೆಗೆ ಸಾಮಾನು ತಲುಪಿಸುವ ಯುವಕರ ಎಷ್ಟೋ ದಿನಗಳ ಸಂಪಾದನೆ ಕರಗಿಹೋಗಿರುತ್ತದೆ.

ಎರಡು ಲೋಹಗಳ ನಡುವೆ ಒಂದು ಪೊರೆ

ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಎಣ್ಣೆಗೆ 'ಕೀಲೆಣ್ಣೆ' ಎಂದು ಹೆಸರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಇದನ್ನು ತಯಾರಿಸಿಕೊಳ್ಳುತ್ತಿದ್ದರು. ಕೀಲೆಣ್ಣೆ ಒಣಗಿದರೆ ಗಾಡಿ ಕಿರುಗುಟ್ಟುತ್ತಿತ್ತು, ಎತ್ತುಗಳಿಗೆ ಎಳೆತ ಭಾರವಾಗುತ್ತಿತ್ತು. ಲೂಬ್ರಿಕೆಂಟ್ ಎಂಬುದಕ್ಕೆ ಕನ್ನಡದಲ್ಲಿ ಇಂದಿಗೂ ಇದೇ ಪದ ಬಳಕೆಯಲ್ಲಿದೆ.

ಎಷ್ಟೇ ನುಣುಪಾಗಿ ಕಂಡರೂ ಲೋಹದ ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆಟ್ಟ ಕಣಿವೆಗಳ ಸಾಲಿನಂತೆ ಇರುತ್ತದೆ. ಎರಡು ಲೋಹಗಳು ಉಜ್ಜಿದಾಗ ಈ ಉಬ್ಬುಗಳು ಒಂದಕ್ಕೊಂದು ತಾಗಿ ಮುರಿಯುತ್ತವೆ, ಬಿಸಿಯಾಗುತ್ತವೆ, ಕೆಲವೊಮ್ಮೆ ಬೆಸುಗೆ ಹಾಕಿದಂತೆ ಅಂಟಿಕೊಳ್ಳುತ್ತವೆ. ಇವುಗಳ ನಡುವೆ ಎಣ್ಣೆಯ ಪೊರೆ ಬಂದರೆ ಲೋಹ ಲೋಹವನ್ನು ಮುಟ್ಟುವುದೇ ಇಲ್ಲ.

ಈ ಪೊರೆಗೆ ಎಷ್ಟು ಶಕ್ತಿ ಇರುತ್ತದೆ? ಇಂಗ್ಲೆಂಡಿನ ಬೋಷಾಂಪ್ ಟವರ್ ಎಂಬ ಎಂಜಿನಿಯರ್ 1880ರ ದಶಕದಲ್ಲಿ ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರ ಕೊರೆದರು. ಅಚ್ಚು ತಿರುಗತೊಡಗಿದಾಗ ಆ ರಂಧ್ರದಿಂದ ಎಣ್ಣೆ ಮೇಲಕ್ಕೆ ಉಕ್ಕಿತು. ಬಿರಡೆ ಬಡಿದರೆ ಬಿರಡೆಯೇ ಹೊರಕ್ಕೆ ಬಂತು. ಒತ್ತಡಮಾಪಕ ಜೋಡಿಸಿ ನೋಡಿದಾಗ, ಬೇರಿಂಗಿನ ಮೇಲೆ ಹೇರಿದ್ದ ಭಾರದ ಸರಾಸರಿ ಒತ್ತಡಕ್ಕಿಂತ ಎಣ್ಣೆಯ ಒತ್ತಡ ಎಷ್ಟೋ ಹೆಚ್ಚಾಗಿತ್ತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು, ಆ ಎಣ್ಣೆಯ ಮೇಲೆ ತೇಲುತ್ತಿತ್ತು! ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಇದಕ್ಕೆ ಗಣಿತದ ವಿವರಣೆ ಕೊಟ್ಟರು. ಇಂದಿನ ಎಲ್ಲ ಎಂಜಿನ್ ಬೇರಿಂಗುಗಳ ವಿನ್ಯಾಸವೂ ಈ ತತ್ತ್ವದ ಮೇಲೆಯೇ ನಿಂತಿದೆ.

ಉಜ್ಜುವಿಕೆ ತಡೆಯುವುದರ ಜೊತೆಗೆ ಎಂಜಿನ್ ಆಯಿಲ್ ಇನ್ನೂ ನಾಲ್ಕು ಕೆಲಸ ಮಾಡುತ್ತದೆ. ಪಿಸ್ಟನ್ ಮತ್ತು ಬೇರಿಂಗುಗಳ ಶಾಖವನ್ನು ಹೊತ್ತು ತರುತ್ತದೆ. ಮಸಿ, ಲೋಹದ ಪುಡಿಗಳನ್ನು ತೊಳೆದು ಫಿಲ್ಟರಿಗೆ ಒಯ್ಯುತ್ತದೆ. ಪಿಸ್ಟನ್ ರಿಂಗುಗಳ ಸಂದಿಯನ್ನು ಮುಚ್ಚಿ ಅನಿಲ ಸೋರದಂತೆ ನೋಡಿಕೊಳ್ಳುತ್ತದೆ. ಒಳಭಾಗಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ.

ಸ್ನಿಗ್ಧತೆ ಎಂಬ ಗುಣ

ಎಣ್ಣೆಗಳನ್ನು ಹೋಲಿಸುವಾಗ ಮೊದಲು ನೋಡಬೇಕಾದ ಗುಣ ಸ್ನಿಗ್ಧತೆ. ದ್ರವವು ಹರಿಯಲು ತೋರುವ ಹಿಂಜರಿಕೆಯೇ ಸ್ನಿಗ್ಧತೆ. ನೀರಿನದು ಕಡಿಮೆ, ಜೇನಿನದು ಹೆಚ್ಚು.

ಇದಕ್ಕೊಂದು ಸರಳ ಪ್ರಯೋಗವನ್ನು ನಿಮ್ಮ ಶಾಲೆಯಲ್ಲೇ ಮಾಡಬಹುದು. ಎತ್ತರದ ಎರಡು ಗಾಜಿನ ನಳಿಕೆಗಳಲ್ಲಿ ಒಂದೇ ಎಂಜಿನ್ ಆಯಿಲ್ ತುಂಬಿ. ಒಂದನ್ನು ತಣ್ಣೀರಿನಲ್ಲೂ ಇನ್ನೊಂದನ್ನು ಬಿಸಿನೀರಿನಲ್ಲೂ ಹತ್ತು ನಿಮಿಷ ನಿಲ್ಲಿಸಿ. ಬಳಿಕ ಸೈಕಲ್ ಬೇರಿಂಗಿನ ಒಂದೊಂದು ಗುಂಡನ್ನು ಎರಡಕ್ಕೂ ಒಟ್ಟಿಗೆ ಬಿಡಿ. ಬಿಸಿ ಎಣ್ಣೆಯಲ್ಲಿ ಗುಂಡು ಬೇಗ ತಳ ಸೇರುತ್ತದೆ, ತಣ್ಣಗಿನದರಲ್ಲಿ ನಿಧಾನವಾಗಿ ಇಳಿಯುತ್ತದೆ. ಅಂದರೆ ಬಿಸಿಯಾದಷ್ಟೂ ಎಣ್ಣೆ ತೆಳುವಾಗುತ್ತದೆ. ಎಣ್ಣೆ ತಯಾರಿಸುವವರ ತಲೆನೋವೆಲ್ಲ ಇರುವುದು ಇಲ್ಲಿಯೇ. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವಾಗ ಎಣ್ಣೆ ಬೇಗ ಹರಿಯುವಷ್ಟು ತೆಳುವಾಗಿರಬೇಕು. ಅರ್ಧ ಗಂಟೆಯ ನಂತರ, ಎಂಜಿನ್ ಕಾದಾಗ, ಪೊರೆ ಹರಿಯದಷ್ಟು ಮಂದವಾಗಿಯೂ ಇರಬೇಕು.

ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ 1911ರಲ್ಲಿ ಎಣ್ಣೆಗಳನ್ನು ಸ್ನಿಗ್ಧತೆಯ ಪ್ರಕಾರ ಸಂಖ್ಯೆಗಳಿಂದ ಗುರುತಿಸುವ ಪದ್ಧತಿಯನ್ನು ತಂದಿತು. ಈಗಿನ ನಿಯಮದಂತೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ ಒಳಗೆ ಇದ್ದರೆ ಅದು ಎಸ್‌ಎಇ 30, 12.5ರಿಂದ 16.3ರ ಒಳಗಿದ್ದರೆ ಎಸ್‌ಎಇ 40, 16.3ರಿಂದ 21.9ರ ಒಳಗಿದ್ದರೆ ಎಸ್‌ಎಇ 50. ಹೋಲಿಕೆಗೆ ಹೇಳುವುದಾದರೆ, ಕೊಠಡಿಯ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಸ್ಟೋಕ್.

20ಡಬ್ಲ್ಯು-40 ಎಂದರೇನು?

ಡಬ್ಬಿಯ ಮೇಲಿನ 'ಡಬ್ಲ್ಯು' ಅಕ್ಷರ ವಿಂಟರ್, ಅಂದರೆ ಚಳಿಗಾಲವನ್ನು ಸೂಚಿಸುತ್ತದೆ. ಅದರ ಹಿಂದಿನ ಸಂಖ್ಯೆ ಚಳಿಯಲ್ಲಿ ಎಣ್ಣೆ ಹೇಗೆ ವರ್ತಿಸುತ್ತದೆ ಎಂಬುದನ್ನೂ, ಮುಂದಿನ ಸಂಖ್ಯೆ ಕಾದಾಗ ಅದು ಎಷ್ಟು ಮಂದವಾಗಿರುತ್ತದೆ ಎಂಬುದನ್ನೂ ತಿಳಿಸುತ್ತದೆ. 20ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. 10ಡಬ್ಲ್ಯು ಎಣ್ಣೆಯನ್ನು 25 ಡಿಗ್ರಿ ಕೆಳಗೆ. 0ಡಬ್ಲ್ಯು ಎಣ್ಣೆಯನ್ನು 35 ಡಿಗ್ರಿ ಕೆಳಗೆ. ಆ ಚಳಿಯಲ್ಲೂ ಎಂಜಿನ್ ತಿರುಗುವಂತಿರಬೇಕು.

ಹೀಗೆ ಎರಡು ಸಂಖ್ಯೆಗಳಿರುವ ಎಣ್ಣೆಗೆ ಮಲ್ಟಿಗ್ರೇಡ್ ಎಂದು ಹೆಸರು. ಇಂತಹ ಬಹುಪಾಲು ಎಣ್ಣೆಗಳಲ್ಲಿ ಉದ್ದ ಸರಪಳಿಯ ಪಾಲಿಮರ್ ಅಣುಗಳನ್ನು ಬೆರೆಸಿರುತ್ತಾರೆ. ಚಳಿಯಲ್ಲಿ ಈ ಅಣುಗಳು ನೂಲಿನ ಉಂಡೆಯಂತೆ ಮುದುಡಿರುತ್ತವೆ, ಹರಿವಿಗೆ ಅಡ್ಡ ಬರುವುದಿಲ್ಲ. ಬಿಸಿಯಾದಾಗ ಬಿಚ್ಚಿಕೊಂಡು ಹರಡಿ, ಎಣ್ಣೆ ತೀರಾ ತೆಳುವಾಗುವುದನ್ನು ತಡೆಯುತ್ತವೆ.

ಇಲ್ಲಿ ನೀವು ಕೇಳಬಹುದು: ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರಲ್ಲಿ. ರಾಯಚೂರು, ಕಲಬುರಗಿಗಳ ಬೇಸಿಗೆಯಂತೂ 40 ಡಿಗ್ರಿ ದಾಟುತ್ತದೆ. ಹೀಗಿರುವಾಗ ಹಿಮದ ನಾಡಿನ 0ಡಬ್ಲ್ಯು ಎಣ್ಣೆ ನಮಗೇಕೆ? ಉತ್ತರ ಅಂಕಿಗಳಲ್ಲಿದೆ. ಸಾಮಾನ್ಯ 20ಡಬ್ಲ್ಯು-40 ಎಣ್ಣೆಯ ಸ್ನಿಗ್ಧತೆ 100 ಡಿಗ್ರಿಯಲ್ಲಿ ಸುಮಾರು 14 ಸೆಂಟಿಸ್ಟೋಕ್ ಇದ್ದರೆ, 40 ಡಿಗ್ರಿಯಲ್ಲಿ 120ರ ಆಸುಪಾಸಿನಲ್ಲಿ ಇರುತ್ತದೆ. ಅಂದರೆ ಕಲಬುರಗಿಯ ಮಧ್ಯಾಹ್ನವೂ ಎಂಜಿನ್ನಿನ ಲೆಕ್ಕದಲ್ಲಿ 'ಚಳಿ'ಯೇ! 0ಡಬ್ಲ್ಯು-20 ಎಣ್ಣೆಯಾದರೆ 40 ಡಿಗ್ರಿಯಲ್ಲಿ ಸುಮಾರು 45, 100 ಡಿಗ್ರಿಯಲ್ಲಿ ಸುಮಾರು 8. ಇದು ಬೇಗ ಮೂಲೆಮೂಲೆಗೂ ತಲುಪುತ್ತದೆ. ಪಂಪಿಗೆ ಶ್ರಮ ಕಡಿಮೆ, ಇಂಧನವೂ ಸ್ವಲ್ಪ ಉಳಿಯುತ್ತದೆ.

ಹಾಗೆಂದು ಇದನ್ನು ಎಲ್ಲ ವಾಹನಗಳಿಗೂ ಹಾಕಲಾಗದು. ಇಷ್ಟು ತೆಳುವಾದ ಎಣ್ಣೆಗೆಂದೇ ವಿನ್ಯಾಸಗೊಂಡ ಹೊಸ ಎಂಜಿನ್ನುಗಳಿವೆ. ಸವೆದು ಸಂದಿ ದೊಡ್ಡದಾದ ಹಳೆಯ ಎಂಜಿನ್ನಿನಲ್ಲಿ ಅದರ ಪೊರೆ ನಿಲ್ಲುವುದಿಲ್ಲ. ಅದೇ ರೀತಿ ಕಿರಿದಾದ ಸಂದಿಗಳ ಹೊಸ ಎಂಜಿನ್ನಿಗೆ 'ಮಂದವಾದಷ್ಟೂ ರಕ್ಷಣೆ ಹೆಚ್ಚು' ಎಂದು 20ಡಬ್ಲ್ಯು-50 ಹಾಕಿದರೆ, ಎಣ್ಣೆ ಸಮಯಕ್ಕೆ ಸರಿಯಾಗಿ ತಲುಪದೆ ಸವೆತವೇ ಹೆಚ್ಚಾಗುತ್ತದೆ.

ಖನಿಜ ಎಣ್ಣೆಯೋ, ಸಿಂಥೆಟಿಕ್ ಎಣ್ಣೆಯೋ?

ಮೋಟರು ವಾಹನಗಳ ಮೊದಲ ದಿನಗಳಲ್ಲಿ ನಮ್ಮ ಗಾಡಿಯ ಹರಳೆಣ್ಣೆಗೂ ಎಂಜಿನ್ನಿನಲ್ಲಿ ಗೌರವದ ಸ್ಥಾನವಿತ್ತು. ಲೋಹಕ್ಕೆ ಚೆನ್ನಾಗಿ ಅಂಟುತ್ತದೆ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ ಎಂಬ ಕಾರಣಕ್ಕೆ ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳಲ್ಲಿ ಇದನ್ನೇ ಬಳಸಿದರು. 1909ರಲ್ಲಿ ಇಂಗ್ಲೆಂಡಿನಲ್ಲಿ ಬಂದ 'ಕ್ಯಾಸ್ಟ್ರಾಲ್' ಎಂಬ ಹೆಸರು ಹುಟ್ಟಿದ್ದೂ ಕ್ಯಾಸ್ಟರ್ ಆಯಿಲ್, ಅಂದರೆ ಹರಳೆಣ್ಣೆಯಿಂದಲೇ. ಆದರೆ ಹರಳೆಣ್ಣೆ ಹೆಚ್ಚು ಕಾಲ ಕಾದರೆ ಅಂಟಂಟಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಕಚ್ಚಾತೈಲದಿಂದ ಪಡೆದ ಖನಿಜ ಎಣ್ಣೆ ಅದರ ಜಾಗಕ್ಕೆ ಬಂತು.

ಕಚ್ಚಾತೈಲವನ್ನು ಬಟ್ಟಿ ಇಳಿಸಿ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ತೆಗೆದ ಮೇಲೆ ಉಳಿದದ್ದನ್ನು ನಿರ್ವಾತದಲ್ಲಿ ಮತ್ತೆ ಬಟ್ಟಿ ಇಳಿಸುತ್ತಾರೆ. ಸಾಮಾನ್ಯ ಒತ್ತಡದಲ್ಲಿ ಇನ್ನಷ್ಟು ಕಾಯಿಸಿದರೆ ಅಣುಗಳು ಒಡೆದುಹೋಗುವುದರಿಂದ ಈ ಉಪಾಯ. ಹೀಗೆ ದೊರೆತದ್ದನ್ನು ಶುದ್ಧೀಕರಿಸಿದರೆ ಮೂಲ ಎಣ್ಣೆ ಸಿದ್ಧ. ಮೂಲ ಎಣ್ಣೆಗಳಲ್ಲಿ ಐದು ವರ್ಗಗಳಿವೆ. ದ್ರಾವಕಗಳಿಂದ ಶುದ್ಧೀಕರಿಸಿದ್ದು ಮೊದಲನೆಯದು. ಹೈಡ್ರೋಜನ್ ಬಳಸಿ ಗಂಧಕವನ್ನು 0.03 ಶೇಕಡಾ ಅಥವಾ ಅದಕ್ಕಿಂತ ಕಡಿಮೆಗೆ ಇಳಿಸಿದ್ದು ಎರಡನೆಯದು. ಇದೇ ಕ್ರಮವನ್ನು ಇನ್ನಷ್ಟು ತೀವ್ರವಾಗಿ ನಡೆಸಿ ಪಡೆದದ್ದು ಮೂರನೆಯದು. ಸಣ್ಣ ಅಣುಗಳನ್ನು ಪೋಣಿಸಿ ಕಾರ್ಖಾನೆಯಲ್ಲೇ ಕಟ್ಟಿದ ಪಾಲಿಆಲ್ಫಾಓಲಿಫಿನ್ ನಾಲ್ಕನೆಯದು. ಎಸ್ಟರ್‌ಗಳೂ ಸೇರಿದಂತೆ ಉಳಿದೆಲ್ಲವೂ ಐದನೆಯದು.

ಇವುಗಳನ್ನು ಹೋಲಿಸಲು ಸ್ನಿಗ್ಧತಾ ಸೂಚ್ಯಂಕವೆಂಬ ಅಳತೆ ಇದೆ. ಡೀನ್ ಮತ್ತು ಡೇವಿಸ್ ಎಂಬ ವಿಜ್ಞಾನಿಗಳು ಇದನ್ನು 1929ರಲ್ಲಿ ರೂಪಿಸಿದರು. ಶಾಖಕ್ಕೆ ಹೆಚ್ಚು ಬದಲಾಗದ ಪೆನ್ಸಿಲ್ವೇನಿಯಾದ ಎಣ್ಣೆಗೆ 100, ತುಂಬಾ ಬದಲಾಗುವ ಮೆಕ್ಸಿಕೊ ಕೊಲ್ಲಿ ತೀರದ ಎಣ್ಣೆಗೆ 0 ಅಂಕ ಕೊಟ್ಟರು. ಇಂದು ಮೊದಲ ಎರಡು ವರ್ಗಗಳ ಎಣ್ಣೆಗಳು 80ರಿಂದ 120ರ ನಡುವೆ ಇರುತ್ತವೆ, ಮೂರನೆಯ ವರ್ಗದ್ದು 120 ಅಥವಾ ಅದಕ್ಕಿಂತ ಹೆಚ್ಚು.

ಇಲ್ಲೊಂದು ಸ್ವಾರಸ್ಯವಿದೆ. 'ಸಿಂಥೆಟಿಕ್' ಎಂದರೆ ಕಾರ್ಖಾನೆಯಲ್ಲಿ ಕಟ್ಟಿದ ಅಣುಗಳ ಎಣ್ಣೆ ಎಂದೇ ಬಹುಕಾಲ ಅರ್ಥವಿತ್ತು. ಕಚ್ಚಾತೈಲದಿಂದಲೇ ಬರುವ ಮೂರನೆಯ ವರ್ಗದ ಎಣ್ಣೆಯನ್ನೂ ಹಾಗೆ ಕರೆಯಬಹುದೇ ಎಂದು ಅಮೆರಿಕದಲ್ಲಿ ಎರಡು ಕಂಪನಿಗಳ ನಡುವೆ ವಿವಾದವೆದ್ದಾಗ, ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ 1999ರಲ್ಲಿ 'ಕರೆಯಬಹುದು' ಎಂದಿತು. ಆದ್ದರಿಂದ ಆ ಪದವೊಂದನ್ನೇ ನೋಡಿ ಎಲ್ಲವೂ ಒಂದೇ ಎಂದು ತಿಳಿಯಬಾರದು. ಸಿಂಥೆಟಿಕ್ ಎಣ್ಣೆ ಶಾಖವನ್ನು ಹೆಚ್ಚು ತಾಳುತ್ತದೆ, ನಿಧಾನವಾಗಿ ಕೆಡುತ್ತದೆ ಎಂಬುದು ನಿಜ. ಟರ್ಬೊ ಇರುವ ಎಂಜಿನ್ನಿಗೆ ಅದರಿಂದ ಲಾಭವಿದೆ. ಆದರೆ ತಯಾರಕರೇ ಖನಿಜ ಎಣ್ಣೆ ಸಾಕು ಎಂದು ಹೇಳಿರುವ ಸಾದಾ ಬೈಕಿಗೆ ಎರಡು ಮೂರು ಪಟ್ಟು ಬೆಲೆ ಕೊಟ್ಟು ತಂದು ಹಾಕಿದರೆ ಕೊಟ್ಟ ದುಡ್ಡಿನಷ್ಟು ಪ್ರಯೋಜನ ಕಾಣುವುದಿಲ್ಲ.

ಸೇರ್ಪಡೆಗಳ ಪಾತ್ರ

ಮೂಲ ಎಣ್ಣೆ ಅನ್ನವಾದರೆ ಸೇರ್ಪಡೆಗಳು ಸಾರು, ಪಲ್ಯ, ಉಪ್ಪಿನಕಾಯಿ. ಕ್ಯಾಲ್ಸಿಯಂ ಸಂಯುಕ್ತಗಳು ಆಮ್ಲವನ್ನು ತಟಸ್ಥಗೊಳಿಸಿ ಪಿಸ್ಟನ್ನನ್ನು ಚೊಕ್ಕಟವಾಗಿಡುತ್ತವೆ. ಚದುರಿಸುವ ರಾಸಾಯನಿಕಗಳು ಮಸಿ ಒಂದೆಡೆ ಗಡ್ಡೆಕಟ್ಟದಂತೆ ತಡೆಯುತ್ತವೆ. ಸತು ಮತ್ತು ರಂಜಕ ಇರುವ ಸಂಯುಕ್ತವೊಂದು, ಎಣ್ಣೆಯ ಪೊರೆ ಕ್ಷಣಕಾಲ ಹರಿದಾಗಲೂ ಲೋಹದ ಮೇಲೆ ರಕ್ಷಾಕವಚ ಕಟ್ಟುತ್ತದೆ.

ಇವೆಲ್ಲದರ ಗುಣಮಟ್ಟವನ್ನು ತಿಳಿಸುವುದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ ಕೊಡುವ ಅಕ್ಷರಗಳು. ಪೆಟ್ರೋಲ್ ಎಂಜಿನ್ನಿಗೆ 'ಎಸ್'ನಿಂದ, ಡೀಸೆಲ್ ಎಂಜಿನ್ನಿಗೆ 'ಸಿ'ಯಿಂದ ಆರಂಭವಾಗುತ್ತದೆ. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಹೊಸ ಮಟ್ಟ. ಎಸ್‌ಎನ್‌ಗಿಂತ 2020ರಲ್ಲಿ ಬಂದ ಎಸ್‌ಪಿ ಹೊಸದು. 2025ರಲ್ಲಿ ಎಸ್‌ಕ್ಯು ಬಂದಿದೆ. ತೀರಾ ಹಿಂದಿನ ಎಸ್‌ಎ ಮಟ್ಟದಲ್ಲಿ ಸೇರ್ಪಡೆಗಳೇ ಇರಲಿಲ್ಲ. 1930ರ ನಂತರ ತಯಾರಾದ ಬಹುಪಾಲು ಕಾರುಗಳಿಗೇ ಅದು ತಕ್ಕುದಲ್ಲ. ಹೆಸರು, ಅಕ್ಷರ ಯಾವುದೂ ಇಲ್ಲದೆ ಕ್ಯಾನಿನಿಂದ ಅಳೆದು ಕೊಡುವ ಬಿಡಿ ಎಣ್ಣೆಯಲ್ಲಿ ಏನಿದೆ ಎಂದು ನೋಡಿ ಹೇಳಲು ಯಾರಿಂದಲೂ ಆಗದು.

ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಮಾನಕ ಜಾರಿಯಾಯಿತು. ಡೀಸೆಲ್ ಕಾರು, ಲಾರಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕ ಬಂತು. ಸೋಸುಕದಲ್ಲಿ ನಿಂತ ಮಸಿಯನ್ನು ಸುಟ್ಟು ತೆಗೆಯಬಹುದು. ಆದರೆ ಎಣ್ಣೆಯ ಲೋಹ ಸಂಯುಕ್ತಗಳಿಂದ ಬರುವ ಬೂದಿ ಸುಡುವುದಿಲ್ಲ, ಅಲ್ಲೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಇಂತಹ ವಾಹನಗಳಿಗೆ ಸಿಕೆ-4ರಂತಹ ಕಡಿಮೆ ಬೂದಿಯ ಎಣ್ಣೆಯೇ ಆಗಬೇಕು.

ಬೈಕಿಗೆ ಕಾರಿನ ಎಣ್ಣೆ ಏಕೆ ಸಲ್ಲದು?

ಕಾರಿನಲ್ಲಿ ಎಂಜಿನ್ನಿಗೆ ಒಂದು ಎಣ್ಣೆ, ಗೇರ್ ಪೆಟ್ಟಿಗೆಗೆ ಇನ್ನೊಂದು. ಸಾಮಾನ್ಯ ಕ್ಲಚ್ ಒಣಗಿಯೇ ಇರುತ್ತದೆ. ಇಂದಿನ ಬಹುಪಾಲು ಮೋಟರ್ ಸೈಕಲ್ಲುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕ್ಲಚ್ ಕೆಲಸ ಮಾಡುವುದೇ ಘರ್ಷಣೆಯಿಂದ. ಇಂಧನ ಉಳಿಸಲೆಂದು ಘರ್ಷಣೆ ತಗ್ಗಿಸುವ ಸೇರ್ಪಡೆ ಹಾಕಿದ ಕಾರಿನ ಎಣ್ಣೆ ಬಂದರೆ ಕ್ಲಚ್ ಜಾರುತ್ತದೆ. ಎಂಜಿನ್ ಕಿರುಚುತ್ತದೆ, ಬೈಕು ಏರು ಹತ್ತುವುದಿಲ್ಲ. ಅಲ್ಲದೆ ಗೇರಿನ ಹಲ್ಲುಗಳು ಪಾಲಿಮರ್ ಸರಪಳಿಗಳನ್ನು ಕತ್ತರಿಸುವುದರಿಂದ ಎಣ್ಣೆ ಬೇಗ ತೆಳುವಾಗುತ್ತದೆ.

ಇದಕ್ಕಾಗಿ ಜಪಾನಿನ 'ಜಾಸೊ' ಮಾನಕ 1990ರ ದಶಕದ ಕೊನೆಯಲ್ಲಿ ಬಂತು. ಗೇರ್ ಬೈಕುಗಳಿಗೆ ಎಂಎ ಅಥವಾ ಎಂಎ2, ಒಣ ಕ್ಲಚ್ಚಿನ ಗೇರ್‌ರಹಿತ ಸ್ಕೂಟರುಗಳಿಗೆ ಎಂಬಿ. ಮನೆಯಲ್ಲಿ ಬೈಕು, ಸ್ಕೂಟರು ಎರಡೂ ಇದ್ದವರು ಇದನ್ನು ಮರೆಯಬಾರದು.

ಟೂ ಸ್ಟ್ರೋಕ್ ಎಂಜಿನ್ನಿನ ಕತೆಯೇ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಬೈಕುಗಳು ಈ ಜಾತಿಯವು. ಇವುಗಳಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುತ್ತಾರೆ. ಅದು ಕೆಲಸ ಮುಗಿಸಿ ಪೆಟ್ರೋಲಿನೊಂದಿಗೆ ಉರಿದುಹೋಗಬೇಕು. ಆದ್ದರಿಂದ ಬೂದಿ, ಹೊಗೆ ಕಡಿಮೆ ಇರುವ 2ಟಿ ಎಣ್ಣೆಯೇ ಬೇಕು. ಹೆಚ್ಚು ಹಾಕಿದರೆ ನೀಲಿ ಹೊಗೆ, ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಕಳಪೆ ಬಿಡಿ ಎಣ್ಣೆಯ ಹೊಗೆ ಎಷ್ಟು ಕಾಡಿತೆಂದರೆ, 1998ರಲ್ಲಿ ಸರ್ವೋಚ್ಚ ನ್ಯಾಯಾಲಯ ದೆಹಲಿಯಲ್ಲಿ ಬಿಡಿ 2ಟಿ ಎಣ್ಣೆಯ ಮಾರಾಟ ನಿಲ್ಲಿಸಿ, ಬಂಕಿನಲ್ಲೇ ಯಂತ್ರದಿಂದ ಅಳೆದು ಬೆರೆಸಿ ಕೊಡಬೇಕೆಂದು ಗಡುವು ವಿಧಿಸಿತು.

ಗೇರ್ ಎಣ್ಣೆ ಮತ್ತು ಗ್ರೀಸ್

ಗೇರ್ ಎಣ್ಣೆಯ ಡಬ್ಬಿಯಲ್ಲಿ 80ಡಬ್ಲ್ಯು-90 ಎಂದಿರುತ್ತದೆ. ಎಂಜಿನ್ನಿನ 40ಕ್ಕಿಂತ ಇದು ಎರಡು ಪಟ್ಟು ಮಂದ ಎಂದು ಭಾವಿಸುವವರಿದ್ದಾರೆ. ವಾಸ್ತವವಾಗಿ ಇದು ಬೇರೆಯೇ ಅಳತೆಗೋಲು. ಗೇರ್ ಎಣ್ಣೆಯ 90 ಎಂದರೆ 100 ಡಿಗ್ರಿಯಲ್ಲಿ 13.5ರಿಂದ 18.5 ಸೆಂಟಿಸ್ಟೋಕ್, ಅಂದರೆ ಎಂಜಿನ್ ಎಣ್ಣೆಯ 40-50ಕ್ಕೆ ಹೆಚ್ಚುಕಡಿಮೆ ಸಮ. ಎರಡು ಸಂಖ್ಯೆಗಳು ಗೊಂದಲವಾಗದಿರಲೆಂದೇ ಗೇರಿಗೆ ದೊಡ್ಡ ಅಂಕಿ ಇಟ್ಟಿದ್ದಾರೆ. ಗೇರ್ ಎಣ್ಣೆಯ ವಿಶೇಷವೆಂದರೆ ಅದರ ಗಂಧಕ–ರಂಜಕ ಸೇರ್ಪಡೆಗಳು. ಹಲ್ಲಿಗೆ ಹಲ್ಲು ಒತ್ತುವಾಗ ಉಂಟಾಗುವ ಅಗಾಧ ಒತ್ತಡವನ್ನು ಇವು ತಾಳುತ್ತವೆ. ಇಲ್ಲೂ ಜಿಎಲ್-4, ಜಿಎಲ್-5 ಎಂಬ ಮಟ್ಟಗಳಿವೆ. ಜಿಎಲ್-5 ದೊಡ್ಡದೆಂದು ಎಲ್ಲೆಂದರಲ್ಲಿ ಹಾಕುವಂತಿಲ್ಲ. ಅದರ ಬಲವಾದ ಸೇರ್ಪಡೆಗಳು ಕೆಲವು ಗೇರ್ ಪೆಟ್ಟಿಗೆಗಳ ಹಿತ್ತಾಳೆ ಭಾಗಗಳಿಗೆ ಹಾನಿ ಮಾಡಬಲ್ಲವು.

ಗ್ರೀಸ್ ಎಂದರೆ ಸಾಬೂನಿನ ಜಾಲದಲ್ಲಿ ಹಿಡಿದಿಟ್ಟ ಎಣ್ಣೆ. ಸ್ಪಂಜಿನಲ್ಲಿ ನೀರು ನಿಂತಂತೆ ಎಣ್ಣೆ ನಿಂತಿರುತ್ತದೆ, ಬೇಕಾದಾಗ ಒಸರುತ್ತದೆ. ಕ್ಯಾಲ್ಸಿಯಂ ಗ್ರೀಸ್ ನೀರಿಗೆ ಜಗ್ಗದು, ಆದರೆ ಶಾಖಕ್ಕೆ ಬೇಗ ಸೋಲುತ್ತದೆ. ಲಿಥಿಯಂ ಗ್ರೀಸ್ ಹೆಚ್ಚು ಶಾಖ ತಾಳುವುದರಿಂದ ಚಕ್ರದ ಬೇರಿಂಗುಗಳಿಗೆ ಅದೇ ಸೂಕ್ತ. ಇನ್ನು 'ಬ್ರೇಕ್ ಆಯಿಲ್' ಎಂದು ನಾವು ಕರೆಯುವುದು ಎಣ್ಣೆಯೇ ಅಲ್ಲ. ಸಾಮಾನ್ಯ ವಾಹನಗಳಲ್ಲಿ ಅದು ಗ್ಲೈಕಾಲ್ ವರ್ಗದ ದ್ರವ. ಅದರ ಜಾಗಕ್ಕೆ ಎಂಜಿನ್ ಆಯಿಲ್ ಬಿದ್ದರೆ ರಬ್ಬರ್ ಸೀಲುಗಳು ಊದಿಕೊಂಡು ಬ್ರೇಕೇ ಕೈಕೊಡಬಹುದು. ಇಲ್ಲಿ ಪ್ರಾಣದ ಪ್ರಶ್ನೆಯೇ ಬರುತ್ತದೆ.

ಕಪ್ಪಾದ ಎಣ್ಣೆ ಮತ್ತು ಊರಿನ ಚರಂಡಿ

"ಎಣ್ಣೆ ಕಪ್ಪಾಯಿತು, ಕೆಟ್ಟಿತು" ಎಂಬ ಮಾತನ್ನು ಕೇಳುತ್ತೇವೆ. ಡೀಸೆಲ್ ಎಂಜಿನ್ನಿನಲ್ಲಂತೂ ಹೊಸ ಎಣ್ಣೆ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ತನ್ನೊಳಗೆ ಹೊತ್ತು ಎಂಜಿನ್ನನ್ನು ಚೊಕ್ಕಟವಾಗಿಡುತ್ತಿದೆ ಎಂಬುದಕ್ಕೆ ಅದು ಗುರುತು. ಬದಲಾಯಿಸುವ ಕಾಲವನ್ನು ಬಣ್ಣದಿಂದ ನಿರ್ಧರಿಸದೆ, ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲೋ ಅದರಿಂದ ನಿರ್ಧರಿಸಬೇಕು. ಮಟ್ಟದ ಕಡ್ಡಿಯ ಮೇಲಿನ ಗೆರೆಗಿಂತ ಹೆಚ್ಚು ತುಂಬುವುದೂ ತಪ್ಪು. ಕ್ರ್ಯಾಂಕ್ ಶಾಫ್ಟ್ ಎಣ್ಣೆಯನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಲ್ಲಿ ಪೊರೆ ನಿಲ್ಲುವುದಿಲ್ಲ. ಆದರೆ ಎಣ್ಣೆ ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದು ತಿಳಿದು ಕೂಡಲೇ ಮೆಕ್ಯಾನಿಕ್‌ಗೆ ತೋರಿಸಬೇಕು.

ತೆಗೆದ ಹಳೆಯ ಎಣ್ಣೆ ಎಲ್ಲಿಗೆ ಹೋಗುತ್ತದೆ? ಚರಂಡಿಗೆ ಚೆಲ್ಲಿದರೆ ಅದು ಕೆರೆ ಸೇರುತ್ತದೆ, ನೀರಿನ ಮೇಲೆ ಪೊರೆಯಾಗಿ ಹರಡಿ ಗಾಳಿಯ ಆಮ್ಲಜನಕ ಒಳಗಿಳಿಯದಂತೆ ಮಾಡುತ್ತದೆ. ಎಂಜಿನ್ನಿನಲ್ಲಿ ಕಾಪಾಡಿದ ಪೊರೆಯೇ ಕೆರೆಯಲ್ಲಿ ಮೀನುಗಳ ಉಸಿರು ಕಟ್ಟಿಸುತ್ತದೆ. ಒಂದು ಸಲ ಬದಲಾಯಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಭಾರತದಲ್ಲೂ ಇದು ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್‌ನಿಂದ, ಬಳಸಿದ ಎಣ್ಣೆಯನ್ನು ಮರುಶುದ್ಧೀಕರಣಕ್ಕೆ ತಲುಪಿಸುವ ಹೊಣೆಯನ್ನು ತಯಾರಕರ ಮೇಲೂ ಹೊರಿಸಲಾಗಿದೆ. ಹಳೆಯ ಎಣ್ಣೆಯನ್ನು ಶುದ್ಧೀಕರಿಸಿ ಮತ್ತೆ ಮೂಲ ಎಣ್ಣೆಯಾಗಿ ಪಡೆಯಬಹುದು. ಆದರೆ ಅದಕ್ಕೆ ಮೊದಲು ಅದು ಸರ್ವಿಸ್ ಅಂಗಡಿಯ ಪೀಪಾಯಿಗೆ ಸೇರಬೇಕು.

ವಿದ್ಯುತ್ ವಾಹನಗಳು ಬಂದ ಮೇಲೆ ಇದೆಲ್ಲ ಹಳೆಯ ಪಾಠವಾಯಿತೇ? ಅವುಗಳಲ್ಲಿ ಎಂಜಿನ್ ಆಯಿಲ್ ಇಲ್ಲ ನಿಜ. ಆದರೆ ಬೇರಿಂಗುಗಳಿಗೆ ಗ್ರೀಸ್, ಗೇರ್ ಜೋಡಣೆಗೆ ಎಣ್ಣೆ ಬೇಕೇ ಬೇಕು. ತಿರುಗುವ ಅಚ್ಚು ಇರುವವರೆಗೂ ಕೀಲೆಣ್ಣೆ ಇರುತ್ತದೆ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಅಥವಾ ನೆರೆಮನೆಯ ವಾಹನದ ಕೈಪಿಡಿ ತೆಗೆದು, ಅದಕ್ಕೆ ಬೇಕಾದ ಎಸ್‌ಎಇ ಸಂಖ್ಯೆ, ಎಪಿಐ ಅಕ್ಷರ, ಬೈಕಾದರೆ ಜಾಸೊ ಗುರುತು, ಬೇಕಾದ ಪ್ರಮಾಣ, ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆಯಿರಿ. ಮುಂದಿನ ಸರ್ವಿಸ್ ದಿನ ಅಪ್ಪನೋ ಅಕ್ಕನೋ ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿ. ಅಂಗಡಿಯವರು ಡಬ್ಬಿ ತೆರೆಯುವ ಮೊದಲು ಒಮ್ಮೆ ಹೋಲಿಸಿ ನೋಡಲು ಅರ್ಧ ನಿಮಿಷ ಸಾಕು.